ಹತ್ತೊಂಬತ್ತನೆಯ ಬಿಕ್ಕಳಿಕೆ

ಬಾರದ ಬಿಕ್ಕಳಿಕೆಯೊಂದನ್ನು ಬಂತೆಂದು ಬರೆದೆ. ಆ ದಿನ ದಿನಚರಿಯಲ್ಲಿ ಇಷ್ಟು ಬರೆದವಳು, ಅಮ್ಮನ ಕಣ್ಣಿಗೆ ಬಿದ್ದೀತೆಂದು ಅದನ್ನು ಹೊಡೆದುಹಾಕಿ, ಹೊಡೆದುಹಾಕಿದ ಮೇಲೂ ಓದಲು ಬರುತ್ತಿದೆಯೆಂದು ಅದರ ಮೇಲೊಂದು ದಾಸವಾಳ ಬಿಡಿಸಿದೆ. ಈಗಲೂ ಆ ಪುಟ ತೆರೆದರೆ ಎಸಳಿನ ಕೆಳಗೆ 'ಬಾರದ' ಎಂಬ ಪದ ಕಾಣುತ್ತದೆ.

ನಮ್ಮೂರಿನಲ್ಲಿ ಬಿಕ್ಕಳಿಕೆ ಸುಮ್ಮಸುಮ್ಮನೆ ಬರುವುದಿಲ್ಲ. ಲೋಕದ ಯಾವ ಮೂಲೆಯಲ್ಲಾದರೂ ಒಬ್ಬ ವಿದ್ವಾಂಸ ತನ್ನ ಪ್ರಬಂಧದಲ್ಲಿ ನಮ್ಮೂರಿನವರ ಪ್ರಬಂಧವೊಂದನ್ನು ಉಲ್ಲೇಖಿಸಿದರೆ, ಆ ಗಳಿಗೆಗೆ ಇಲ್ಲಿ ಅದನ್ನು ಬರೆದವರಿಗೆ ಬಿಕ್ಕಳಿಕೆ ಹತ್ತುತ್ತದೆ. ನೀರು ಕುಡಿದರೆ ಹೋಗುವುದಿಲ್ಲ, ಬೆಚ್ಚಿಬೀಳಿಸಿದರೂ ಹೋಗುವುದಿಲ್ಲ. ಉಲ್ಲೇಖವಾದ ಪ್ರಬಂಧದ ಹೆಸರನ್ನು ಯಾರಾದರೂ ಕಿವಿಗೆ ಬೀಳುವಂತೆ ಹೇಳಬೇಕು. ಸರಿಯಾದ ಹೆಸರು ಬಿದ್ದ ಕೂಡಲೇ ನಿಲ್ಲುತ್ತದೆ, ಇಲ್ಲವಾದರೆ ಹೊತ್ತು ಮುಳುಗುವವರೆಗೂ ಬಿಡುವುದಿಲ್ಲ. ಏನೂ ಬರೆಯದವರಿಗೆ ಬಿಕ್ಕಳಿಕೆಯೇ ಇಲ್ಲ. ಹಾಗಾಗಿ ನಮ್ಮ ಕ್ಷೌರಿಕರು ಕತ್ತಿ ಕೈಗೆತ್ತಿಕೊಳ್ಳುವ ಮೊದಲು, "ಸ್ವಾಮಿ, ಈಚೆಗೆ ಏನಾದ್ರೂ ಪ್ರಕಟ ಆಯ್ತಾ?" ಎಂದು ಕೇಳಿಕೊಳ್ಳುತ್ತಾರೆ. ಸಂಗೀತ ಕಛೇರಿಯಲ್ಲಿ ಪ್ರೊಫೆಸರುಗಳಿಗೆ ಬಾಗಿಲ ಪಕ್ಕದ ಕುರ್ಚಿ. ಕಾಲೇಜು ಮೇಷ್ಟರಿಗೆ ಹೆಣ್ಣು ಕೊಡುವವರು ಒಂದು ಲೋಟ ಕಾಫಿಯನ್ನು ಎರಡು ಗಂಟೆ ಕುಡಿಯುವುದು ವರನ ಗಂಟಲಿಗೆ ಕಿವಿಗೊಟ್ಟುಕೊಂಡೇ. ಪಕ್ಕದ ಮನೆಯ ಮಕ್ಕಳು ಆಟಕ್ಕೆ ಬಿಕ್ಕಳಿಸಿದರೆ ಅವರಮ್ಮ ಬೈಯುತ್ತಾಳೆ, ಆದರೆ ಬೈಯುವಾಗ ಅವಳ ಮುಖದಲ್ಲಿ ಒಂದು ಆಸೆಯೂ ಇರುತ್ತದೆ.

ಯಾರ ವಿದ್ವತ್ತಿಗೆ ಎಷ್ಟು ಬೆಲೆ ಎಂದು ತೀರ್ಮಾನಿಸುವುದು ಇಲ್ಲಿಯ ವಿದ್ಯಾಮಂಡಲಿ. ಹೊರಗಿನಿಂದ ತಿಂಗಳಿಗೊಮ್ಮೆ ಅಂಚೆಯಲ್ಲಿ ಉಲ್ಲೇಖಗಳ ಪಟ್ಟಿ ಬರುತ್ತದಾದರೂ ಮಂಡಲಿ ನಂಬುವುದು ಗಂಟಲನ್ನೇ. ಹತ್ತಕ್ಕಿಂತ ಹೆಚ್ಚು ಪ್ರಬಂಧ ಬರೆದವರ ಬಳಿ ಒಬ್ಬ ಹೆಸರುಗಾರನನ್ನು ಇಡುತ್ತಾರೆ. ಬಿಕ್ಕಳಿಕೆ ಬಂದಾಗ ಪ್ರಬಂಧಗಳ ಹೆಸರನ್ನು ಒಂದರಿಂದ ಓದುತ್ತ ಹೋಗುವುದು, ಎಲ್ಲಿ ನಿಂತಿತೋ ಪುಸ್ತಕದಲ್ಲಿ ಅದರ ಮುಂದೆ ದಿನಾಂಕ ಹಾಕುವುದು ಅವನ ಕೆಲಸ. ಪದವಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದ ನಾನು ಹಾಗೆ ಡಾಕ್ಟರ್ ವಾರಿಜಾಕ್ಷಿಯವರ ಹೆಸರುಗಾರ್ತಿಯಾದೆ. ಸಂದರ್ಶನದ ದಿನ ಮಂಡಲಿಯ ಕಾರ್ಯದರ್ಶಿ ಆರಾಧ್ಯರು ನನ್ನ ಪ್ರತಿಯೊಂದು ಉತ್ತರಕ್ಕೂ ಅಂಗೈಯನ್ನು ಕಿವಿಯ ಹಿಂದೆ ಹಿಡಿದು "ಏನಂದ್ರಿ?" ಎಂದರು. ಕೊನೆಗೆ ಮೇಡಂ ಕಡೆ ತಿರುಗಿ, "ಈ ಹುಡುಗಿ ಮಾತು ಈ ಹುಡುಗಿಗಾದ್ರೂ ಕೇಳಿಸುತ್ತೋ ಇಲ್ವೋ" ಎಂದರು.

"ಇರ್ಲಿ ಬಿಡಿ ಆರಾಧ್ಯರೇ. ಹೆಸರು ಕೇಳಬೇಕಾದ ಗಂಟಲು ನಂದು. ಮಾರು ದೂರದಲ್ಲೇನೂ ಇರಲ್ಲ" ಎಂದರು ಮೇಡಂ.

ಮೇಡಂ ಓದಿದ್ದು ಮೆದುಳಿನ ಬಗ್ಗೆ, ಅದರಲ್ಲೂ ನೆನಪಿನ ಬಗ್ಗೆ. ಒಂದು ವಿಷಯ ತಲೆಯಲ್ಲಿ ಹೇಗೆ ಉಳಿಯುತ್ತದೆ, ಹೇಗೆ ಜಾರುತ್ತದೆ ಎಂದು ಮೂವತ್ತೆರಡು ವರ್ಷ ತಿರುವುಗಳ ಸುತ್ತುದಾರಿಯಲ್ಲಿ ಇಲಿಗಳನ್ನು ಓಡಿಸಿ ನೋಡಿದವರು. ಅವರ ಪ್ರಯೋಗಾಲಯಕ್ಕೆ ಊರವರು ಮೆದುಳು ಮನೆ ಎನ್ನುತ್ತಾರೆ. ಅಲ್ಲಿದ್ದವರು ಮೂವರೇ: ಮೇಡಂ, ನಾನು, ಮತ್ತು ಹಿಂದಿನ ಕೋಣೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವ ಸಿದ್ದಾಜಮ್ಮ. ಮೇಡಂ ಬರೆದ ಪ್ರಬಂಧಗಳು ನಲವತ್ಮೂರು. ಕೆಲಸಕ್ಕೆ ಸೇರಿದ ಹದಿನೈದು ದಿನದಲ್ಲಿ ನಲವತ್ಮೂರೂ ನನಗೆ ಬಾಯಿಪಾಠವಾಗಿ, ಪಾತ್ರೆ ತೊಳೆಯುವಾಗಲೂ ನಾಲಿಗೆಯ ಮೇಲೆ ಬರುತ್ತಿದ್ದವು. ಏಳನೆಯದಕ್ಕೆ ತಿಂಗಳಿಗೆರಡು ಬಿಕ್ಕಳಿಕೆ, ಇಪ್ಪತ್ತೆರಡಕ್ಕೆ ಆಗೊಮ್ಮೆ ಈಗೊಮ್ಮೆ, ಮೂವತ್ತರ ಮೇಲಿನವಕ್ಕೆ ಹಬ್ಬಕ್ಕೊಂದು.

ನನ್ನ ಕುತೂಹಲ ಕೆರಳಿಸಿದ್ದು ಹತ್ತೊಂಬತ್ತು. 'ಉಂಡ ನಂತರದ ನಿದ್ರೆ ಮತ್ತು ಇಲಿಗಳಲ್ಲಿ ದಾರಿಯ ನೆನಪು.' ಅಂಚೆಯ ಪಟ್ಟಿಯ ಪ್ರಕಾರ ಮೇಡಂ ಹೆಸರನ್ನು ಜಗತ್ತಿಗೆ ಗೊತ್ತು ಮಾಡಿದ್ದೇ ಅದು. ಉಳಿದ ನಲವತ್ತೆರಡೂ ಸೇರಿದರೆ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ಕಡೆ ಅದರ ಹೆಸರು ಬರುತ್ತಿತ್ತು. ಆದರೆ ನಾನು ಸೇರಿದ ಮೇಲೆ ಒಮ್ಮೆಯೂ ಮೇಡಂ ಗಂಟಲು ಆ ಹೆಸರಿಗೆ ನಿಂತದ್ದಿಲ್ಲ. ಹಳೆಯ ಪುಸ್ತಕ ತೆಗೆದು ನೋಡಿದೆ. ಹತ್ತೊಂಬತ್ತರ ಪುಟದಲ್ಲಿ ದಿನಾಂಕಗಳು ತುಂಬಿದ್ದವು, ಎಲ್ಲವೂ ಮೇಡಂ ಕೈಬರಹದಲ್ಲಿ, ಎಲ್ಲದರ ಮುಂದೆಯೂ 'ಮನೆಯಲ್ಲಿ ಬಂತು' ಎಂದು. ಮಿಕ್ಕ ಪ್ರಬಂಧಗಳಿಗೆ ಮನೆಯಲ್ಲಿ ಬಂದದ್ದು ಅಪರೂಪ. ಅದೊಂದಕ್ಕೆ ಮಾತ್ರ ಮನೆಯೇ ಏಕೆ ಬೇಕಾಗಿತ್ತೋ.

ಅಂಚೆ ಬಂದ ಒಂದು ಸಂಜೆ ಮೇಡಂ ಪಟ್ಟಿಯನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ನೋಡದೆ, "ನಳಿನಿ, ಬೆಳಿಗ್ಗೆ ಹತ್ತೊಂಬತ್ತಕ್ಕೆ ಬಂತಲ್ಲ, ನೀನು ಬರೆದ ಹಾಗೆ ಕಾಣ್ಲಿಲ್ಲ" ಎಂದರು.

ಬೆಳಿಗ್ಗೆ ಬಂದದ್ದು ಏಳಕ್ಕೆ. ಇಲ್ಲ ಎನ್ನಲು ಬಾಯಿ ತೆರೆದೆ. ಅವರ ಕನ್ನಡಕದ ಹಿಂದಿನ ಕಣ್ಣು ನೋಡಿ, ಬಾಯಿ ಮುಚ್ಚಿ, ಬರೆದೆ. ಆ ದಾಸವಾಳ ಬಿಡಿಸಿದ್ದು ಅಂದೇ.

ಸುಳ್ಳು ಬರೆದವಳಿಗೆ ನಿಜ ಏನೆಂದು ತಿಳಿಯುವ ಚಟ ಹತ್ತುತ್ತದೋ ಏನೋ. ಮರುದಿನ ಊಟದ ಹೊತ್ತಿನಲ್ಲಿ ಮೇಡಮ್ಮನ್ನು ಕೇಳಿದೆ, ಆ ಹತ್ತೊಂಬತ್ತನೆಯದು ಹೇಗೆ ಹೊಳೆಯಿತೆಂದು. ಅವರ ಮುಖ ಅರಳಿತು.

"ಸ್ನಾನದ ಮನೇಲಿ ಹೊಳೀತು ಕಣೇ. ತಲೆಗೆ ಸೀಗೆಪುಡಿ ಹಚ್ಕೊಂಡಿದ್ದೆ. ಇಲಿ ಓಡಿದ ಮೇಲೆ ಊಟ ಕೊಟ್ಟು ಮಲಗಿಸಿದ್ರೆ ದಾರಿ ಮರೆಯಲ್ಲ, ಊಟ ಮೊದಲೇ ಕೊಟ್ರೆ ಮರೆಯುತ್ತೆ ಅಂತ, ಯಾರೋ ಕಿವೀಲಿ ಹೇಳಿದ ಹಾಗೆ. ಕಣ್ಣಿಗೆ ಸೀಗೆಪುಡಿ ಹೋಗಿದ್ದೂ ಗೊತ್ತಾಗ್ಲಿಲ್ಲ."

ಹೇಳುವಾಗ ಅವರ ಕೈ ತಾನಾಗಿ ತಲೆಗೆ ಹೋಗಿತ್ತು. ಇವರು ಸುಳ್ಳು ಹೇಳುತ್ತಿಲ್ಲ ಎಂದು ಅಂದಿನ ಪುಟದಲ್ಲಿ ಬರೆದುಕೊಂಡಿದ್ದೇನೆ.

ಅದಾಗಿ ನಾಲ್ಕೈದು ದಿನಕ್ಕೆ ಇಲಿ ಕೋಣೆಗೆ ಹೋದೆ. ಉಷ್ಣತೆ ಬರೆದುಕೊಂಡು ಬಾ ಎಂದು ಮೇಡಂ ಕಳಿಸಿದ್ದರು. ಪಂಜರಗಳ ಸಾಲಿನ ಹಿಂದೆ ಸಿದ್ದಾಜಮ್ಮ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ಕುಲುಕುವಂತೆ ಬಿಕ್ಕುತ್ತಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋದ ಮೇಲೆ ಗೊತ್ತಾಯಿತು, ಅದು ಅಳುವಲ್ಲ.

ಹೆಬ್ಬೆಟ್ಟು ಒತ್ತುವ ಸಿದ್ದಾಜಮ್ಮನಿಗೆ ಬಿಕ್ಕಳಿಕೆ.

"ಯಾರ್ಗೂ ಯೋಳ್ಬೇಡ ಕನವ್ವ," ಎಂದಳು ಬಿಕ್ಕುಗಳ ನಡುವೆ. "ಹಿಂದ್ಕೊಂದಪ ಮಂಡ್ಲಿ ಮುಂದೆ ನೀರ್ ಕೊಡಾಕ್ ಹೋದಾಗ ಬಂದ್ಬುಟ್ಟು, ಓದ್ದೋರ್ನ ಅಣಕಿಸ್ತಾಳೆ ಇವ್ಳು ಅಂತ ಆರಾಧ್ಯರು ಮೂರು ದಿನ ಕೆಲ್ಸಕ್ಕೇ ಸೇರಿಸ್ನಿಲ್ಲ. ಅದೇನೋ ರೋಗ. ಒಂದೊಂದ್ ದಿನ ಹೊತ್ ಹುಟ್ದಾಗ್ಲಿಂದ ಹೊತ್ ಮುಳುಗೋಗಂಟ. ಉಸ್ರು ಕಟ್ಕಂಡು ಕಟ್ಕಂಡು ಪಕ್ಕೆಲ್ಲ ನೋವು."

"ಎಷ್ಟು ದಿನದಿಂದ?"

"ದಿನ ಎಲ್ಬಂತು. ಹನ್ನೊಂದು ವರ್ಸ ಆಯ್ತು."

ಹನ್ನೊಂದು ವರ್ಷ ಎಂದಾಗ ಪುಸ್ತಕದ ಒಂದು ಪುಟ ನೆನಪಾಯಿತು. ಹತ್ತೊಂಬತ್ತು ಪ್ರಕಟವಾದದ್ದು ಹನ್ನೊಂದು ವರ್ಷದ ಹಿಂದೆ. ಆದರೂ ನೇರವಾಗಿ ಅದಕ್ಕೆ ಹೋಗಲು ಧೈರ್ಯವಾಗದೆ, ಬಾಗಿಲು ಮುಂದೆ ಮಾಡಿ, ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಒಂದರಿಂದ ಶುರುಮಾಡಿದೆ. ಹುಚ್ಚು ಹುಡುಗಿ ಏನೋ ಮಂತ್ರ ಹೇಳುತ್ತಿದ್ದಾಳೆಂದು ಅವಳು ನನ್ನ ಬಾಯನ್ನೇ ನೋಡಿದಳು. ಏಳಕ್ಕೆ ನಿಲ್ಲಲಿಲ್ಲ. ಹದಿನೆಂಟಕ್ಕೆ ಒಂದು ದೊಡ್ಡ ಬಿಕ್ಕು ಬಂತು. ಹತ್ತೊಂಬತ್ತರ ಹೆಸರು ಹೇಳಿ ಕಾದೆ. ಪಂಜರದಲ್ಲಿ ಒಂದು ಇಲಿ ಕಾಳು ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಅಯ್ ಶಿವನೇ," ಎಂದು ಸಿದ್ದಾಜಮ್ಮ ಎದೆ ಸವರಿಕೊಂಡಳು. "ಏನ್ ಕೂಸೇ ಅಂದೆ? ಇನ್ನೊಂದಪ ಅನ್ನು."

ಒಂದು ಸಲವಾದರೆ ಆಕಸ್ಮಿಕ ಎನ್ನಬಹುದೆಂದು ಎರಡು ವಾರ ಪರೀಕ್ಷೆ ಮಾಡಿದೆ. ಏಳು ಸಲ ಬಂತು, ಏಳು ಸಲವೂ ಹತ್ತೊಂಬತ್ತಕ್ಕೇ ನಿಂತಿತು. ಬೇಕೆಂದೇ ಒಂದು ದಿನ ಹಿಂದಿನಿಂದ ಓದಿದೆ, ನಲವತ್ಮೂರರಿಂದ. ಆಗಲೂ ಅಲ್ಲಿಗೇ. ಮೇಡಂಗೆ ಗೊತ್ತಾದರೆ ಇದನ್ನು ಒಳ್ಳೆಯ ಪ್ರಯೋಗ ಎನ್ನುತ್ತಿದ್ದರು ಎಂಬ ಯೋಚನೆ ಬಂದು ನಗುವೂ ಬಂತು, ಹೆದರಿಕೆಯೂ ಆಯಿತು.

ಎಂಟನೆಯ ಸಲ ನಿಲ್ಲಿಸಿದ ಮೇಲೆ ಕೇಳಿದೆ, "ಸಿದ್ದಾಜಮ್ಮಾ, ಊಟ ಮಾಡಿ ಮಲಗಿದ ಇಲಿ ಬಗ್ಗೆ ನೀವು ಯಾವಾಗಲಾದ್ರೂ ಮೇಡಂಗೆ ಏನಾದ್ರೂ ಹೇಳಿದ್ರಾ?"

ಅವಳು ಕೈಯಲ್ಲಿದ್ದ ಹುಲ್ಲನ್ನು ಪಂಜರಕ್ಕೆ ಹಾಸುತ್ತಲೇ ಯೋಚಿಸಿದಳು. "ಏನ್ ಯೋಳಾನ. ಆಗ ನಮ್ಮೂರ್ ಬಸ್ಸು ಐದೂವರೆಗೆ ಬತ್ತಿದ್ದುದ್ದು ನಾಕೂವರೆಗೆ ಬರಾಕ್ ಸುರು ಮಾಡ್ತು. ಇಲಿಗೋಳ್ನ ಓಡ್ಸಾಕ್ ಮುಂಚೆ ಕಾಳ್ ಹಾಕ್ಬೇಕು ಅಂತ ಮೇಡಮ್ಮೋರ್ ಕಟ್ಟಪ್ಪಣೆ. ಕಾಳ್ ತಿಂದು, ಆಮೇಲ್ ಓಡಿ, ಆಮೇಲ್ ಬೋನ್ ತೊಳ್ಯೋ ಹೊತ್ಗೆ ಬಸ್ಸು ಹೊಂಟೋಯ್ತದೆ. ಅದ್ಕೆ ಅವು ಓಡ್ತಿರೋವಾಗ್ಲೇ ಬೋನ್ ತೊಳ್ದು, ಬಂದ್ ಮೇಲೆ ಕಾಳ್ ಹಾಕ್ಬುಟ್ಟು ವಂಟೋಯ್ತಿದ್ದೆ. ಹೊಟ್ಟೆ ತುಂಬ್ಸಿ ಅಲ್ಲೇ ಮನಿಕತಿದ್ದೋ. ನೋಡ್ತೀನಿ, ಹಂಗ್ ಉಂಡು ಮನಿಕಂಡ ಇಲಿ ಮಾರ್ನೇ ದಿನ ಒಂದ್ ತಿರುವ್ನೂ ತಪ್ತಾ ಇಲ್ಲ. ಮೇಡಮ್ಮೋರ್ಗೆ ಅಂದೆ, ಅವ್ವಾ, ಓಡಿ ಬಂದು ಉಂಡು ಮನಿಕಂಡ ಇಲಿಗೆ ದಾರಿ ಮರ್ಯಲ್ಲ ಅಂತ."

"ಅವರೇನಂದ್ರು?"

"ಯಾರ್ನ ಕೇಳಿ ಕಾಳಿನ್ ಹೊತ್ತು ಬದ್ಲಾಯ್ಸ್ದೆ ಅಂತ ಬೈದ್ರು. ಬೈತಾ ಬೈತಾ ಸುಮ್ಕಾದ್ರು. ಎಲ್ಡ್ ದಿನ ಮಾತೇ ಆಡ್ನಿಲ್ಲ."

ಆ ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ ಹತ್ತೊಂಬತ್ತನ್ನು ಉಲ್ಲೇಖಿಸಿದ ಪ್ರಬಂಧಗಳನ್ನು ಸಿಕ್ಕಷ್ಟು ತೆಗೆದು ಓದಿದೆ. ಇಪ್ಪತ್ತಾರು ಸಿಕ್ಕವು. ಮೇಡಂ ಎರಡು ವರ್ಷ ಕೂತು ಹಾಕಿದ ಹದಿನಾರು ಕೋಷ್ಟಕಗಳನ್ನು ಒಬ್ಬರೂ ಮುಟ್ಟಿರಲಿಲ್ಲ. ಇಪ್ಪತ್ತಾರು ಜನವೂ ಎತ್ತಿ ಬರೆದದ್ದು ನಾಲ್ಕನೆಯ ಪುಟದ ಒಂದೇ ಸಾಲನ್ನು: 'ಓಟದ ನಂತರ ಉಂಡು ಮಲಗಿದ ಇಲಿ ದಾರಿಯನ್ನು ಮರೆಯುವುದಿಲ್ಲ.' ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಗಂಟಲಿಗೆ ಬೇಕಾದದ್ದು ಬರೆದ ಕೈಯಲ್ಲ, ಆಡಿದ ಬಾಯಿ. ಇಷ್ಟು ವರ್ಷ ಇಡೀ ಊರಿಗೆ ಗೊತ್ತಾಗದ್ದು ನನಗೆ ಗೊತ್ತಾಗಿತ್ತು, ಮತ್ತು ಅದನ್ನು ಹೇಳುವಷ್ಟು ದೊಡ್ಡ ದನಿ ನನಗಿರಲಿಲ್ಲ.

ಹೇಳದಿರಲು ಕಾರಣವೂ ಬೇಗನೆ ಸಿಕ್ಕಿತು. ಮೇಡಂ ನಿವೃತ್ತಿಗೆ ಇನ್ನೊಂದು ತಿಂಗಳಿತ್ತು. ಆರಾಧ್ಯರು ಬಂದು ನಿಯಮ ನೆನಪಿಸಿದರು. ನಿವೃತ್ತರ ಪ್ರಯೋಗಾಲಯ ಉಳಿಯಬೇಕಾದರೆ ಅವರ ಅತಿ ಹೆಸರಾದ ಪ್ರಬಂಧಕ್ಕೆ ಮಂಡಲಿಯ ಸಭಾಂಗಣದಲ್ಲಿ, ಊರ ಜನರ ಎದುರು, ಒಂದು ಬಿಕ್ಕಳಿಕೆ ಬರಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸಮಯ. ಇದಕ್ಕೆ ಸಾಕ್ಷಿ ದಿನ ಎನ್ನುತ್ತಾರೆ. ಬಾರದಿದ್ದರೆ ಮೆದುಳು ಮನೆಗೆ ಬೀಗ. ಆ ಜಾಗದ ಮೇಲೆ ಭೂಗೋಳ ವಿಭಾಗ ಆಗಲೇ ಕಣ್ಣಿಟ್ಟಿತ್ತು.

"ನಿಮಗೇನು ಯೋಚನೆ ಮೇಡಂ, ಪುಸ್ತಕದ ತುಂಬ ಹತ್ತೊಂಬತ್ತೇ ಇದೆಯಲ್ಲ," ಎಂದು ನಕ್ಕು ಅವರು ಹೊರಟರು.

ಅವರು ಹೋದ ಮೇಲೆ ಮೇಡಂ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು, "ಅದೊಂದು ಮಾತ್ರ ನಂಗೆ ಯಾವತ್ತೂ ಬಂದೇ ಇಲ್ಲ ನಳಿನಿ. ಹನ್ನೊಂದು ವರ್ಷದಿಂದ ಕಾಯ್ತಿದ್ದೀನಿ. ಮೊದಮೊದಲು ನನ್ನ ಗಂಟಲಲ್ಲೇ ಏನೋ ದೋಷ ಇರಬೇಕು ಅಂತ ಎರಡು ಕಡೆ ತೋರಿಸ್ದೆ. ನನ್ನ ಮಗು ನನ್ನನ್ನ ಗುರುತು ಹಿಡೀತಿಲ್ಲ ಅನ್ನೋ ಹಾಗೆ." ಕನ್ನಡಕ ತೆಗೆದು ಒರೆಸುತ್ತ, "ಆ ದಿನ ನಾನು ಹೇಗೋ ಮಾಡ್ತೀನಿ. ನೀನು ಹತ್ತೊಂಬತ್ತರ ಹತ್ತಿರ ಬಂದಾಗ ಸ್ವಲ್ಪ ನಿಧಾನ ಓದು, ಸಾಕು. ನನಗಲ್ಲ ಇದು. ಈ ಜಾಗ ಹೋದ್ರೆ ನಿಮ್ಮಿಬ್ಬರ ಗತಿ?" ಎಂದರು.

ನಾನು ಸಿದ್ದಾಜಮ್ಮನ ಹತ್ತಿರ ಹೋಗಿ, ಗೊತ್ತಿದ್ದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಬಹಳ ಹೊತ್ತು ನಂಬಲಿಲ್ಲ. ನಂಬಿದ ಮೇಲೆ ಅವಳು ಮೊದಲು ಆಡಿದ ಮಾತು, "ಹಂಗಾರೆ ರೋಗ ಅಲ್ವಾ?" ಎಂಬುದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಾಯ್ ಬುಡ್ಬೇಡ ಕನವ್ವ. ನನ್ ಗಂಟ್ಲು ನಂತಾವೇ ಇರ್ಲಿ. ಮೇಡಮ್ಮೋರು ಕೆಟ್ಟೋರಲ್ಲ. ಬೀಗ ಬಿದ್ರೆ ಈ ಮುಂಡೇವು ಎಲ್ಲೋಯ್ತವೆ?" ಎಂದು ಇಲಿಗಳ ಕಡೆ ಕೈ ತೋರಿಸಿದಳು.

ಸಾಕ್ಷಿ ದಿನ ಸಭಾಂಗಣ ತುಂಬಿತ್ತು. ಚುರುಮುರಿ ಕಟ್ಟಿಕೊಂಡು ಬಂದವರಿದ್ದರು, ಹೆಣಿಗೆ ತಂದವರಿದ್ದರು. ಅಮ್ಮ ಮೂರನೆಯ ಸಾಲಿನಲ್ಲಿ ಕೂತು, ಗಟ್ಟಿಯಾಗಿ ಓದು ಎಂದು ದೂರದಿಂದಲೇ ಕೈಸನ್ನೆ ಮಾಡಿದಳು. ವೇದಿಕೆಯ ನಡುವೆ ಮೇಡಂ, ಪಕ್ಕದಲ್ಲಿ ಪುಸ್ತಕ ಹಿಡಿದು ನಾನು, ಮೇಜಿನಾಚೆ ಆರಾಧ್ಯರು. ಕೊನೆಯ ಬಾಗಿಲ ಬಳಿ ನೀರಿನ ಹಂಡೆಯ ಪಕ್ಕ ಸಿದ್ದಾಜಮ್ಮ. ಮೆದುಳು ಮನೆಯವರೆಲ್ಲ ಇರಬೇಕು ಎಂದು ಮೇಡಮ್ಮೇ ಅವಳನ್ನು ಕರೆಸಿದ್ದರು. ಹನ್ನೊಂದು ಗಂಟೆಗೆ ಏಳನೆಯದಕ್ಕೊಂದು ಬಂತು, ಜನ ಚಪ್ಪಾಳೆ ತಟ್ಟಿ ಸುಮ್ಮನಾದರು. ಊಟವಾಯಿತು. ಮೂರಾಯಿತು. ಮುಂದಿನ ಸಾಲಿನಲ್ಲಿ ಒಬ್ಬ ತಾತ ಗೊರಕೆ ಹೊಡೆದರು. ನಾಲ್ಕೂಕಾಲಿಗೆ ಮೇಡಂ ನನ್ನ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ, ಬಿಕ್ಕಿದರು.

ಎಂಟು ತಿಂಗಳು ಅವರ ಗಂಟಲನ್ನೇ ಕೇಳಿದ ನನಗೆ ಅದು ಬಿಕ್ಕಳಿಕೆಯಲ್ಲವೆಂದು ಗೊತ್ತಾಗದಿರುತ್ತದೆಯೇ. ಭುಜ ಮೊದಲು ಎದ್ದಿತು, ಸದ್ದು ಆಮೇಲೆ ಬಂತು. ಸಭೆಗೆ ಅದು ತಿಳಿಯಲಿಲ್ಲ. ಆರಾಧ್ಯರು ಓದಿ ಎಂದು ಕೈ ಮಾಡಿದರು. ನಾನು ಒಂದು ಎಂದು ಶುರುಮಾಡಿದೆ.

ನಾಲ್ಕನೆಯ ಹೆಸರಿನ ಹತ್ತಿರ ಬಂದಿರಬೇಕು, ಹಿಂದಿನ ಬಾಗಿಲಿನಿಂದ ಇನ್ನೊಂದು ಬಿಕ್ಕು ಕೇಳಿಸಿತು. ಲೋಟ ಉರುಳಿದ ಸದ್ದು. ಜನ ತಿರುಗಿ ನೋಡಿದರು. ಸೆರಗು ಬಾಯಿಗೊತ್ತಿಕೊಂಡು ಸಿದ್ದಾಜಮ್ಮ ಗೋಡೆಗೆ ಅಂಟಿ ನಿಂತಿದ್ದಳು. ಎಲ್ಲೋ ಯಾವುದೋ ದೇಶದಲ್ಲಿ ಯಾರೋ ಪುಣ್ಯಾತ್ಮರು ಆ ಗಳಿಗೆಯಲ್ಲೇ ಆ ಸಾಲನ್ನು ಬರೆಯುತ್ತಿದ್ದರು.

"ಮತ್ತೆ ಶುರು ಹಚ್ಕೊಂಡ್ಲಲ್ಲ," ಎಂದ ಯಾರೋ. "ಆಯಮ್ಮಂದು ಎಷ್ಟು ಪ್ರಬಂಧ ಇದ್ಯಂತೆ?" ಎಂದು ಇನ್ನೊಬ್ಬ ಕೇಳಿದ್ದಕ್ಕೆ ಮೂರು ಸಾಲು ನಕ್ಕಿತು. ನಾನು ಓದುತ್ತಲೇ ಇದ್ದೆ, ನಿಲ್ಲಿಸಲು ಗೊತ್ತಾಗಲಿಲ್ಲ. ವೇದಿಕೆಯ ಮೇಲೆ ಒಂದು ಬಿಕ್ಕು, ಬಾಗಿಲಲ್ಲಿ ಒಂದು. ಹದಿನೈದು. ಹದಿನಾರು. ನಗೆ ಅಡಗಿ ಸಭೆ ಕಿವಿಗೊಟ್ಟಿತ್ತು. ಹತ್ತೊಂಬತ್ತನ್ನು ನಿಧಾನವಾಗಿ ಓದಿದೆ, ಮೇಡಂ ಹೇಳಿದ್ದಂತೆ. ಎರಡೂ ಒಟ್ಟಿಗೇ ನಿಂತವು.

ಚಪ್ಪಾಳೆ ಚಾವಣಿ ಮುಟ್ಟಿತು. ಆರಾಧ್ಯರು ಎದ್ದು ನಿಂತು, "ಬರೀರಿ, ಹತ್ತೊಂಬತ್ತು, ಡಾಕ್ಟರ್ ವಾರಿಜಾಕ್ಷಿ" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಆಕೇನ ಹೊರಗೆ ಕಳಿಸಿ. ನಾಳೆಯಿಂದ ಬರೋದು ಬೇಡ. ಇಂಥ ದಿನಾನೂ ಅಣಕ ಅಂದ್ರೆ" ಎಂದರು. ಇಬ್ಬರು ಹೋಗಿ ಸಿದ್ದಾಜಮ್ಮನ ತೋಳಿಗೆ ಕೈಹಾಕಿದರು. ಅವಳು ಬಗ್ಗಿ, ಉರುಳಿದ ಲೋಟ ಎತ್ತಿಟ್ಟಳು.

ನಾನು ಮೇಡಂ ಕಡೆ ನೋಡಿದೆ. ಅವರು ಚಪ್ಪಾಳೆ ಕೇಳಿಸಿಕೊಳ್ಳುತ್ತಿರಲಿಲ್ಲ. ಬಾಗಿಲನ್ನೇ ನೋಡುತ್ತಿದ್ದರು. ಅವರ ಕೈ ಮೆಲ್ಲಗೆ ಮೇಲೆದ್ದು, ಸೀಗೆಪುಡಿಯ ಕಥೆ ಹೇಳಿದ ಅಂದಿನಂತೆ ತಲೆಯ ಹತ್ತಿರ ಹೋಗಿ, ಅಲ್ಲೇ ನಿಂತಿತು. ತುಟಿ ಅಲುಗಿತು. "ಕಾಳು," ಎಂದರು, ನನಗೆ ಮಾತ್ರ ಕೇಳುವಂತೆ. "ಬಸ್ಸಿಗೆ ಹೊತ್ತಾಗುತ್ತೆ ಅಂದಿದ್ಲು." ಆಮೇಲೆ ನನ್ನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಬೇಡ ಎನ್ನುವುದಿತ್ತೋ ಹೇಳು ಎನ್ನುವುದಿತ್ತೋ, ಎಷ್ಟು ಪುಟ ಬರೆದರೂ ನನಗೆ ಇಂದಿಗೂ ತಿಳಿದಿಲ್ಲ.

ಪೆನ್ನಿನ ತುದಿ ಹತ್ತೊಂಬತ್ತರ ಪುಟದ ಮೇಲಿತ್ತು. ಬೀಗ, ಇಲಿಗಳು, ಅಮ್ಮ, ನಾನು ಬರೆದ ಆ ಒಂದು ಸುಳ್ಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಪೆನ್ನು ಕೆಳಗಿಟ್ಟು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಜನ ಸುಮ್ಮನಾದರು.

"ಹತ್ತೊಂಬತ್ತು ಸಿದ್ದಾಜಮ್ಮನದು" ಎಂದೆ.

ಆರಾಧ್ಯರ ಕೈ ಅಭ್ಯಾಸದಂತೆ ಕಿವಿಯ ಹಿಂದಕ್ಕೆ ಹೋಗಲು ಎದ್ದದ್ದು ಅರ್ಧಕ್ಕೇ ನಿಂತಿತು.